ಒಂದೇ ಬೀಗ, ಹತ್ತಾರು ಕಳ್ಳಕೀಲಿ: ಎನ್ವಿಡಿಯಾ ಜಿಪಿಯು ಕಂಪೈಲರ್ ಪ್ರಕರಣ

2025ರಲ್ಲಿ ಟ್ರೈಟನ್ ಅನ್ನೋ ಜಿಪಿಯು ಕಂಪೈಲರ್ (ನಾವು ಬರೆದ ಕೋಡನ್ನ ಗ್ರಾಫಿಕ್ಸ್ ಚಿಪ್ಪಿನ ಭಾಷೆಗೆ ತಿರುಗಿಸೋ ಪ್ರೋಗ್ರಾಂ) ಪ್ರಾಜೆಕ್ಟಿನ ಒಂದು ಕೋಡ್ ಬದಲಾವಣೆ ಸಖತ್ ಓಡಾಡ್ತು, ಈ ಫೀಲ್ಡಲ್ಲಿ ಇರೋರು ನೋಡಿರ್ತೀರಿ. ಅದರಲ್ಲಿದ್ದ ಮಾತು ಇಷ್ಟೇ, ಕರ್ನಲ್ (ಜಿಪಿಯು ಮೇಲೆ ಓಡೋ ಪುಟ್ಟ ಪ್ರೋಗ್ರಾಂ) ಹೆಸರಲ್ಲಿ "ಕಟ್ಲಾಸ್" ಅಂತ ಇದ್ರೆ ಎಫ್‌ಪಿ8, ಅಂದ್ರೆ 8 ಬಿಟ್ಟಿನ ಸಂಖ್ಯೆಗಳ ಲೆಕ್ಕ ಸುಮಾರು 100 ಟೆರಾಫ್ಲಾಪ್ (ಒಂದು ಟೆರಾಫ್ಲಾಪ್ ಅಂದ್ರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ) ಜಾಸ್ತಿ ಓಡುತ್ತೆ. ಕೋಡ್ ಅದೇ, ಚಿಪ್ ಅದೇ, ಹೆಸರು ಮಾತ್ರ ಬೇರೆ. ಸಂಖ್ಯಾಶಾಸ್ತ್ರದೋರ ಮಾತು ಕೇಳಿ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸ್ಕೊಂಡು ಪಿಚ್ಚರ್ ಹಿಟ್ ಆಗ್ಲಿ ಅಂತ ಕಾಯೋರನ್ನ ನಾವು ನೋಡಿದೀವಿ, ಇಲ್ಲಿ ನಿಜವಾಗ್ಲೂ ಹಿಟ್ ಆಗೋಯ್ತು. ಕಟ್ಲಾಸ್ ಅನ್ನೋದು ಎನ್ವಿಡಿಯಾದ್ದೇ ಲೈಬ್ರರಿ ಹೆಸರು, ಆ ಹೆಸರು ಕಂಡ್ರೆ ಅವರ ಕಂಪೈಲರ್ ಒಳಗೆ ಬೇರೆ ಏನೋ ಒಂದು ಸ್ವಿಚ್ ಆನ್ ಆಗುತ್ತೆ. ಅದು ಏನು, ಯಾವಾಗ ಆನ್ ಮಾಡಿದ್ರೆ ಸೇಫ್, ಯಾವಾಗ ಅಲ್ಲ, ಇದ್ಯಾವುದೂ ಮ್ಯಾನ್ಯುಯಲ್‌ನಲ್ಲಿಲ್ಲ.

ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕಂದ್ರೆ ಇದು ಒಂದಿನದ ಕಥೆ ಅಲ್ಲ, ಆ ಕಂಪೈಲರ್ ಒಳಗೆ ಏನಿದೆ ಅಂತ ಹೊರಗಿನೋರು 2007ರ ಕಾಲದಿಂದ ತಡಕಾಡ್ತಾನೇ ಇದಾರೆ, ಅದೂ ಒಬ್ಬೊಬ್ಬರೇ, ಒಬ್ಬರು ಕಂಡ್ಕೊಂಡಿದ್ದನ್ನೇ ಇನ್ನೊಬ್ಬರು ಮತ್ತೆ ಮೊದಲಿಂದ. ಆ ಒಂದು ಪ್ರಕರಣಾನ ಪೂರ್ತಿ ಬರೆದಿಡೋಣ ಅಂತ ಕೂತಿದೀನಿ.

ಬೀಗ ಇರೋದೆಲ್ಲಿ

ಕುಡಾದಲ್ಲಿ (ಎನ್ವಿಡಿಯಾ ಜಿಪಿಯುಗೆ ಪ್ರೋಗ್ರಾಂ ಬರೆಯೋ ವ್ಯವಸ್ಥೆ) ಬರೆದ ಕೋಡ್ ಎರಡು ಮೆಟ್ಟಿಲು ಇಳಿದು ಚಿಪ್ಪಿಗೆ ಹೋಗುತ್ತೆ. ಮೊದಲನೇದು ಪಿಟಿಎಕ್ಸ್, ಇದು ಕಾಲ್ಪನಿಕ ಮಷೀನಿನ ಭಾಷೆ, ಯಾವ ಚಿಪ್ಪೂ ಇದನ್ನ ನೇರವಾಗಿ ಓಡಿಸಲ್ಲ, ರಿಜಿಸ್ಟರ್ (ಲೆಕ್ಕದ ನಡುವೆ ಸಂಖ್ಯೆ ಇಡೋ ಪುಟ್ಟ ಜಾಗ) ಎಷ್ಟು ಬೇಕಾದ್ರೂ ಬಳಸ್ಕೊಳ್ಳಬಹುದು, ಇದಕ್ಕೆ ಎನ್ವಿಡಿಯಾದ್ದೇ ದಪ್ಪ ಮ್ಯಾನ್ಯುಯಲ್ ಇದೆ, ಚೆನ್ನಾಗೇ ಇದೆ, ದೂರೋ ಹಾಗಿಲ್ಲ. ಎರಡನೇದು ಸ್ಯಾಸ್, ಚಿಪ್ಪಿನ ಹೊಟ್ಟೆಗೆ ನಿಜವಾಗಿ ಹೋಗೋದು ಇದು. ಪಿಟಿಎಕ್ಸ್‌ನ ಸ್ಯಾಸ್ ಮಾಡೋ ಪ್ರೋಗ್ರಾಂ ಹೆಸರು ಪಿಟಿಎಕ್ಸ್‌ಎಎಸ್, ಕುಡಾ ಟೂಲ್‌ಕಿಟ್ ಜೊತೆ ಬೈನರಿ (ಮಷೀನ್ ಓದೋ ಫೈಲ್) ಆಗಿ ಬರುತ್ತೆ, ಸೋರ್ಸ್ ಸಿಗಲ್ಲ. ಸ್ಯಾಸ್ ಬಗ್ಗೆ ಅಧಿಕೃತವಾಗಿ ಸಿಗೋದು ಒಂದು ಟೇಬಲ್, ಇನ್‌ಸ್ಟ್ರಕ್ಷನ್ ಹೆಸರು, ಪಕ್ಕದಲ್ಲಿ ಮೂರ್ನಾಲ್ಕು ಪದ. ಮದುವೆ ಊಟದ ಮೆನು ಕಾರ್ಡ್ ಕೈಗೆ ಕೊಟ್ಟು ಅಡುಗೆ ಕಲ್ತ್ಕೋ ಅಂದ ಹಾಗೆ.

ಕೊನೇ ಮೆಟ್ಟಿಲು ಗೊತ್ತಿಲ್ದಿದ್ರೆ ಏನೀಗ ಅಂತ ಕೇಳ್ಬಹುದು. ವಿಷಯ ಏನಂದ್ರೆ 2012ರ ಕೆಪ್ಲರ್ ಚಿಪ್ಪಿಂದ ಈಚೆಗೆ, ಒಂದು ಇನ್‌ಸ್ಟ್ರಕ್ಷನ್ನಿನ ಉತ್ತರ ರೆಡಿ ಆಯ್ತಾ ಇಲ್ವಾ ಅಂತ ನೋಡ್ಕೊಳ್ಳೋ ಕೆಲಸದ ದೊಡ್ಡ ಪಾಲನ್ನ ಹಾರ್ಡ್‌ವೇರ್ ಕೈಯಿಂದ ಕಿತ್ತು ಕಂಪೈಲರ್ ತಲೆಗೆ ಕಟ್ಟಿದ್ರು. ಕೆಪ್ಲರ್ ಆದ್ಮೇಲೆ ಬಂದ ಮ್ಯಾಕ್ಸ್‌ವೆಲ್ ಚಿಪ್ ತಗೊಳ್ಳಿ, ಅಲ್ಲಿ ಪ್ರತಿ 3 ಇನ್‌ಸ್ಟ್ರಕ್ಷನ್ನಿಗೆ ಒಂದು 64 ಬಿಟ್ಟಿನ ಕಂಟ್ರೋಲ್ ವರ್ಡ್ ಇರುತ್ತೆ, ಅದರಲ್ಲಿ ಒಂದೊಂದಕ್ಕೆ 21 ಬಿಟ್. ಎಷ್ಟು ಸೈಕಲ್ (ಚಿಪ್ ಗಡಿಯಾರದ ಒಂದು ಟಿಕ್) ಕಾಯ್ಬೇಕು ಅನ್ನೋಕೆ 4, ಬೇರೆ ವಾರ್ಪಿಗೆ (ಒಟ್ಟಿಗೆ ಓಡೋ ಥ್ರೆಡ್‌ಗಳ ಗುಂಪು) ದಾರಿ ಬಿಡ್ಬೇಕಾ ಅನ್ನೋಕೆ 1, ಬ್ಯಾರಿಯರ್ (ಇನ್ನೂ ಮುಗೀದ ಕೆಲಸಕ್ಕೆ ಕಾಯೋ ಗುರುತು) ಹಾಕೋಕೆ ಓದೋ ಕಡೆ 3, ಬರೆಯೋ ಕಡೆ 3, ಯಾವ್ಯಾವ ಬ್ಯಾರಿಯರಿಗೆ ಕಾಯ್ಬೇಕು ಅನ್ನೋಕೆ 6, ಹಿಂದಿನ ರಿಜಿಸ್ಟರ್ ಬೆಲೆ ಮರುಬಳಕೆ ಮಾಡೋಕೆ 4. ಇದರಲ್ಲಿ ಕಾಯೋ ಸಂಖ್ಯೆ ಒಂದು ಕಮ್ಮಿ ಬರೆದ್ರೆ ಎರರ್ ಬರಲ್ಲ, ಕ್ರ್ಯಾಶ್ ಆಗಲ್ಲ, ಉತ್ತರ ತಪ್ಪಾಗುತ್ತೆ ಅಷ್ಟೇ, ಅದೂ ಯಾವಾಗ್ಲೋ ಒಂದ್ಸಲ. ಅಂದ್ರೆ ಈ 21 ಬಿಟ್ ಗೊತ್ತಿಲ್ದೇ ಆ ಚಿಪ್ಪಿಗೆ ಕಂಪೈಲರ್ ಬರೆಯೋಕೆ ಆಗೋದೇ ಇಲ್ಲ, ಸ್ಪೀಡಿನ ಮಾತು ಆಮೇಲೆ. ಮೇಲೆ ಹೇಳಿದ ಅಷ್ಟೂ ವಿವರ ಎನ್ವಿಡಿಯಾ ಕೊಟ್ಟಿದ್ದಲ್ಲ, ಹೊರಗಿನೋರು ಕೆದಕಿ ತೆಗೆದಿದ್ದು.

ಕೀಲಿ ಮಾಡಿದೋರು

ಮೊದಲು ಡಿಕುಡಾ. ಕುಡಾ ಬಂದ ಸ್ವಲ್ಪ ಸಮಯಕ್ಕೇ ವ್ಲಾಡಿಮಿರ್ ವಾನ್ ಡರ್ ಲಾನ್ ಅನ್ನೋರು ಜಿ80 ಚಿಪ್ಪಿನ ಬೈನರಿ ಬಿಡಿಸಿ ಓದೋ ಡಿಸ್‌ಅಸೆಂಬ್ಲರ್ ಮಾಡಿದ್ರು. ಚಿಪ್ ಬದಲಾಯ್ತು, ಫರ್ಮಿ ಬಂತು, ಹಳೇ ಕೀಲಿ ತಿರುಗ್ಲಿಲ್ಲ, ಆಸ್‌ಫರ್ಮಿ ಅಂತ ಇನ್ನೊಂದು ಹುಟ್ಟಿತು. ಆಮೇಲೆ ಎನ್ವಿಡಿಯಾನೇ ಡಿಸ್‌ಅಸೆಂಬ್ಲರ್ ಕೊಡೋಕೆ ಶುರು ಮಾಡ್ತು, ಆದ್ರೆ ಅಸೆಂಬ್ಲರ್ ಕೊಡ್ಲಿಲ್ಲ. ಓದ್ಕೊಳ್ಳಿ, ಬರೀಬೇಡಿ.

ಮ್ಯಾಕ್ಸ್‌ವೆಲ್‌ಗೆ ಸ್ಕಾಟ್ ಗ್ರೇ ಬರೆದ ಮ್ಯಾಕ್ಸಾಸ್ ಬಂತು, ಪರ್ಲ್‌ನಲ್ಲಿ ಬರೆದಿದ್ದು, ಈ ಕಥೇಲಿ ನನಗೆ ತುಂಬಾ ಇಷ್ಟದ ಪಾತ್ರ. ಪಿಟಿಎಕ್ಸ್‌ಎಎಸ್ ರಿಜಿಸ್ಟರ್‌ಗಳನ್ನ ಸರಿಯಾಗಿ ಹಂಚ್ತಿಲ್ಲ ಅನ್ನೋ ಬೇಜಾರಲ್ಲೇ ಆ ಮನುಷ್ಯ ಕೆಲಸ ಶುರು ಮಾಡಿದ್ದು. ಮ್ಯಾಕ್ಸ್‌ವೆಲ್‌ನಲ್ಲಿ ರಿಜಿಸ್ಟರ್‌ಗಳು 4 ಬ್ಯಾಂಕಲ್ಲಿ ಕೂತಿರ್ತವೆ, ನಂಬರನ್ನ 4ರಿಂದ ಭಾಗಿಸಿದ್ರೆ ಉಳಿಯೋ ಶೇಷ ಯಾವುದೋ ಆ ಬ್ಯಾಂಕು, ಒಂದೇ ಇನ್‌ಸ್ಟ್ರಕ್ಷನ್ ಒಂದೇ ಬ್ಯಾಂಕಿಂದ ಎರಡು ರಿಜಿಸ್ಟರ್ ಕೇಳಿದ್ರೆ ಒಂದು ಸೈಕಲ್ ದಂಡ. ಇದನ್ನೆಲ್ಲ ಕಂಡ್ಹಿಡಿದು ಮ್ಯಾಟ್ರಿಕ್ಸ್ ಗುಣಾಕಾರದ ಕರ್ನಲ್ ಒಂದನ್ನ ಕೈಯಾರೆ ಸ್ಯಾಸ್‌ನಲ್ಲಿ ಬರೆದ್ರು, ಚಿಪ್ಪಿನ ಗರಿಷ್ಠ ಸಾಮರ್ಥ್ಯದ ಶೇ 98ರ ಹತ್ತಿರ ಹೋಯ್ತು, ಎನ್ವಿಡಿಯಾದ ಸ್ವಂತ ಕುಬ್ಲಾಸ್ ಲೈಬ್ರರಿನ ಹಿಂದೆ ಹಾಕ್ತು. ತಮಾಷೆ ಏನು ಗೊತ್ತಾ, ಆ ಕುಬ್ಲಾಸ್ ಕರ್ನಲ್ಲೂ ಒಳಗಿನೋರು ಕೈಯಲ್ಲೇ ಅಸೆಂಬ್ಲಿ ಬರೆದು ಮಾಡಿದ್ದೇ. ಅಂದ್ರೆ ತಮ್ಮ ಕಂಪೈಲರ್ ಸಾಲಲ್ಲ ಅಂತ ಅವರಿಗೂ ಗೊತ್ತಿತ್ತು, ಅವರ ಹತ್ರ ಒಳಬಾಗಿಲ ಕೀಲಿ ಇತ್ತು, ಬೇರೆಯವರಿಗೆ ಇರ್ಲಿಲ್ಲ.

ಈ ಕೀಲಿ ಹೆಂಗೆ ಮಾಡ್ತಾರೆ ಅಂತ ಹತ್ತಿರದಿಂದ ನೋಡಿದ್ರೆ ಎಂಥಾ ಕೂಲಿ ಕೆಲಸ ಅಂತ ಗೊತ್ತಾಗುತ್ತೆ. ಒಂದು ಚಿಕ್ಕ ಕರ್ನಲ್ ಕಂಪೈಲ್ ಮಾಡು, ಬೈನರಿ ತೆಗಿ, ಒಂದು ಬಿಟ್ 0 ಇದ್ದಿದ್ದನ್ನ 1 ಮಾಡು, ಎನ್ವಿಡಿಯಾದ್ದೇ ಡಿಸ್‌ಅಸೆಂಬ್ಲರಿಗೆ ಕೊಡು, ಏನು ಬದಲಾಯ್ತು ನೋಡು. ರಿಜಿಸ್ಟರ್ ನಂಬರ್ 4 ಇದ್ದಿದ್ದು 5 ಆಯ್ತಾ, ಸರಿ, ಇದು ರಿಜಿಸ್ಟರ್ ಜಾಗ. ಹೆಸರ ಮುಂದೆ ಒಂದು ಚುಕ್ಕೆ ಸೇರಿ ಹೊಸ ಪದ ಬಂತಾ, ಇದು ಮಾಡಿಫೈಯರ್. ಏನೂ ಬದಲಾಗ್ಲಿಲ್ವಾ, ಆಗ ತಲೆನೋವು ಶುರು, ಅದು ಕಂಟ್ರೋಲ್ ಬಿಟ್ ಇರ್ಬಹುದು, ಚಿಪ್ ಮೇಲೆ ಓಡಿಸಿ ಗಡಿಯಾರ ನೋಡ್ಬೇಕು. ಮುಂದಿನ ಬಿಟ್. ಮುಂದಿನ ಇನ್‌ಸ್ಟ್ರಕ್ಷನ್. ಕೆಲವರು ಈ ಬಿಟ್ ತಿರುಗಿಸೋ ಕೆಲಸಾನೇ ಆಟೋಮ್ಯಾಟಿಕ್ ಮಾಡಿದ್ರು, 2019ರ ಸಿಜಿಒ ಅನ್ನೋ ಕಂಪೈಲರ್ ಸಮ್ಮೇಳನದಲ್ಲಿ ಏರಿ ಹೇಯ್ಸ್ ಮತ್ತೆ ಜೊತೆಗಾರರು ಕುಡಾ ಬೈನರಿ ಡಿಕೋಡ್ ಮಾಡೋ ಬಗ್ಗೆ ಪೇಪರ್ ಹಾಕಿದ್ದು ಇದನ್ನೇ. ಅದಕ್ಕೆ ಮುಂಚೆ 2017ರ ಪಿಪಿಒಪಿಪಿ ಅನ್ನೋ ಸಮ್ಮೇಳನದಲ್ಲಿ ಕೆಪ್ಲರಾಸ್ ಅಂತ ಬಂತು, ಕೆಪ್ಲರಿಗೆ. ಮುಂದೆ ವೋಲ್ಟಾ, ಟ್ಯೂರಿಂಗಿಗೆ ಟ್ಯೂರಿಂಗಾಸ್ ಬಂತು. ಆಮೇಲೆ ಕುಅಸೆಂಬ್ಲರ್. ಪ್ರತಿಯೊಂದೂ ಬೇರೆ ಜನ, ಬೇರೆ ಊರು, ಬೇರೆ ಭಾಷೆ. ಅದೇ ಬಿಟ್.

ಇವ್ರೆಲ್ಲ ಲೆಕ್ಕದ ಕಡೆಯೋರು. ಇನ್ನೊಂದು ಬೀದಿಯಲ್ಲಿ ನೂವೋ ಅನ್ನೋ ಲಿನಕ್ಸ್ ಗ್ರಾಫಿಕ್ಸ್ ಡ್ರೈವರಿನೋರು ಅದೇ ಚಿಪ್ಪನ್ನ ಬೇರೆ ಕಾರಣಕ್ಕೆ ಬಿಚ್ತಾ ಇದ್ರು, ಪರದೆ ಮೇಲೆ ಚಿತ್ರ ಬರ್ಬೇಕಲ್ಲ. 2010ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.33ರಲ್ಲಿ ಆ ಡ್ರೈವರ್ ಸೇರ್ತು, ಅವರದ್ದೇ ಶೇಡರ್ (ಚಿತ್ರ ಬಿಡಿಸೋ ಜಿಪಿಯು ಪ್ರೋಗ್ರಾಂ) ಕಂಪೈಲರ್ ಮೆಸಾ ಅನ್ನೋ ಓಪನ್ ಸೋರ್ಸ್ ಗ್ರಾಫಿಕ್ಸ್ ಪ್ರಾಜೆಕ್ಟಿನ ಒಳಗೆ ಬೆಳೀತು. ಆಮೇಲೆ ಎನ್‌ವಿಕೆ ಅನ್ನೋ ಹೊಸ ವಲ್ಕನ್ (ಒಂದು ಗ್ರಾಫಿಕ್ಸ್ ಸ್ಟ್ಯಾಂಡರ್ಡ್) ಡ್ರೈವರ್ ಬಂದಾಗ ಫೇಯ್ತ್ ಎಕ್ಸ್‌ಟ್ರಾಂಡ್ ಆ ಹಳೇ ಕಂಪೈಲರ್ ಬಿಟ್ಟು ರಸ್ಟ್‌ನಲ್ಲಿ ಎನ್‌ಎಕೆ ಅಂತ ಇನ್ನೊಂದನ್ನೇ ಬರೆದ್ರು, 2024ರ ಶುರುವಿನ ಮೆಸಾ 24.0ರಲ್ಲಿ ಅದು ಬಂತು. ಮಧ್ಯದಲ್ಲಿ 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಲಿನಕ್ಸ್ ಕರ್ನಲ್ ಮಾಡ್ಯೂಲ್ (ಇದು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್, ಜಿಪಿಯು ಕರ್ನಲ್ ಅಲ್ಲ) ಓಪನ್ ಸೋರ್ಸ್ ಮಾಡ್ತು, ಎಲ್ರೂ ಹೋ ಅಂದ್ರು, ನಾನೂ ಅಂದೆ. ಆಮೇಲೆ ನೋಡಿದ್ರೆ ಕಂಪೈಲರ್ ಇರೋದು ಯೂಸರ್‌ಸ್ಪೇಸ್ ಕಡೆ, ಅಂದ್ರೆ ಆ ಕರ್ನಲ್ಲಿನ ಹೊರಗೆ, ಅದರ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದೆ.

ನನ್ನದೇ ಒಂದು ಶೀಟ್ ಕಥೆ

ಹಿಂದೆ ಬೆಂಗಳೂರಲ್ಲೇ ಒಂದು ಕಂಪನಿಯಲ್ಲಿದ್ದೆ, ಹೆಸರು ಬೇಡ. ಅಲ್ಲಿ ನಾನು, ಇನ್ನೊಬ್ಬ ಹುಡುಗ ಸೇರಿ ತಿಂಗಳುಗಟ್ಲೆ ಕೂತು ಯಾವ ಇನ್‌ಸ್ಟ್ರಕ್ಷನ್ನಿಗೆ ಎಷ್ಟು ಸೈಕಲ್ ಅಂತ ಅಳೆದು ಎಕ್ಸೆಲ್ ಶೀಟ್ ಮಾಡಿದ್ವಿ. ಕೆಲಸ ಬಿಟ್ಟೆ, ಶೀಟ್ ಅಲ್ಲೇ ಉಳೀತು, ಗುಟ್ಟು ಹೊರಗೆ ಬಿಡಲ್ಲ ಅನ್ನೋ ಎನ್‌ಡಿಎ ಕರಾರು ಇತ್ತಲ್ಲ. ಹೊಸ ಕಂಪನಿಗೆ ಹೋದ ಎರಡನೇ ವಾರಕ್ಕೇ ಮ್ಯಾನೇಜರ್ ಹೇಳಿದ್ರು, "ನಮ್ಗೊಂದು ಲೇಟೆನ್ಸಿ ಟೇಬಲ್ ಬೇಕಲ್ಲಾ, ನೀವೇ ಮಾಡ್ತೀರಾ?" ಅಂತ. ಉತ್ತರ ಬಾಯಿ ತುದೀಲಿದೆ, ಹೇಳೋ ಹಾಗಿಲ್ಲ. ಮತ್ತೆ ಮೈಕ್ರೋಬೆಂಚ್‌ಮಾರ್ಕ್ ಬರೆದೆ, ಮತ್ತೆ ಓಡಿಸ್ದೆ, ಮತ್ತೆ ಅದೇ 6 ಬಂತು. "ಇಷ್ಟು ಬೇಗ ಹೆಂಗ್ ಸಿಕ್ತು ಮಾರಾಯ್ರೆ?" ಅಂದ್ರು, "ಹಂಗೇ ಬಂತು ಸಾರ್" ಅಂದೆ. ಉತ್ತರ ಗೊತ್ತಿದ್ದೂ ಮೇಷ್ಟ್ರಿಗೆ ತೋರಿಸೋಕೆ ರಫ್ ವರ್ಕ್ ಬರೆದ ಹಾಗಿತ್ತು.

2018ರಲ್ಲಿ ವೋಲ್ಟಾ ಚಿಪ್ಪನ್ನ ಬಿಚ್ಚಿಟ್ಟು ಒಂದು ದೊಡ್ಡ ಪೇಪರ್ ಬಂತು. ಬರೆದಿದ್ದು ಯೂನಿವರ್ಸಿಟಿ ಅಲ್ಲ, ಚಿಪ್ ಕಂಪನಿನೂ ಅಲ್ಲ, ಸಿಟಡೆಲ್ ಅನ್ನೋ ಅಮೆರಿಕದ ಹೂಡಿಕೆ ಸಂಸ್ಥೆಯ ಝೆ ಜಿಯಾ ಮತ್ತೆ ಜೊತೆಗಾರರು. ಸಾಮಾನ್ಯ ಲೆಕ್ಕದ ಇನ್‌ಸ್ಟ್ರಕ್ಷನ್ ಪ್ಯಾಸ್ಕಲ್‌ನಲ್ಲಿ 6 ಸೈಕಲ್, ವೋಲ್ಟಾದಲ್ಲಿ 4, ಅಂತ ಸಾಲು ಸಾಲು. ನನ್ನ ಎರಡು ಶೀಟಲ್ಲಿದ್ದ ವಿಷಯ ಅದರಲ್ಲಿ ಹೆಚ್ಚು ಕಮ್ಮಿ ಎಲ್ಲಾ ಇತ್ತು. ಶೇರು ವ್ಯವಹಾರ ಮಾಡೋರು ಬೇರೆ ಕಂಪನಿ ಚಿಪ್ಪಿಗೆ ಮ್ಯಾನ್ಯುಯಲ್ ಬರೆದು ಊರಿಗೆಲ್ಲ ಹಂಚೋದು ಅಂದ್ರೆ! ಆ ಮ್ಯಾನ್ಯುಯಲ್ಲಿನ ಅಸಲಿ ಪ್ರತಿ ಎನ್ವಿಡಿಯಾ ಒಳಗೆ ಯಾವುದೋ ಫೋಲ್ಡರಲ್ಲಿ ಇದ್ದೇ ಇರುತ್ತೆ, ಇಲ್ದೇ ಅವರ ಕಂಪೈಲರ್ ಓಡ್ತಿರ್ಲಿಲ್ಲ.

ಪಿಟಿಎಕ್ಸ್ ತನಕ ಎಲ್ರೂ

ಎಲ್ರೂ ಬಿಟ್ ಎಣಿಸ್ಕೊಂಡು ಕೂರಲ್ಲ, ಹೆಚ್ಚಿನೋರು ಪಿಟಿಎಕ್ಸ್ ತನಕ ತಾವು ಮಾಡಿ ಅಲ್ಲಿಂದ ಮುಂದಕ್ಕೆ ಪಿಟಿಎಕ್ಸ್‌ಎಎಸ್ ಕೈಗೆ ಕೊಟ್ಟು ದೇವರೇ ಕಾಪಾಡಪ್ಪ ಅಂತಾರೆ. ಅಲ್ಲೂ ಡಬಲ್ ಕೆಲಸ ಇದ್ದೇ ಇದೆ. ಎನ್ವಿಡಿಯಾದ ಕಂಪೈಲರ್ ಒಳಗೆ ಇರೋದು ಎಲ್‌ಎಲ್‌ವಿಎಂ ಅನ್ನೋ ಓಪನ್ ಸೋರ್ಸ್ ಕಂಪೈಲರ್ ಅಡಿಪಾಯ, ಅದರ ಪಿಟಿಎಕ್ಸ್ ಬ್ಯಾಕೆಂಡನ್ನ (ಪಿಟಿಎಕ್ಸ್ ತಯಾರಿಸೋ ಭಾಗ) 2012ರಲ್ಲಿ ಅವರೇ ಎಲ್‌ಎಲ್‌ವಿಎಂಗೆ ಕೊಟ್ರು, ಅದಕ್ಕೆ ಥ್ಯಾಂಕ್ಸ್ ಹೇಳ್ಲೇಬೇಕು. ಆದ್ರೆ ಪೂರ್ತಿ ಕಂಪೈಲರ್ ಕೊಟ್ಟಿರ್ಲಿಲ್ಲ, ಹಾಗಾಗಿ ಗೂಗಲ್‌ನೋರು ಅದೇ ಎಲ್‌ಎಲ್‌ವಿಎಂ ಮೇಲೆ ಇನ್ನೊಂದು ಕುಡಾ ಕಂಪೈಲರ್ ಕಟ್ಟಿದ್ರು, ಜಿಪಿಯುಸಿಸಿ ಅಂತ, 2016ರ ಸಿಜಿಒದಲ್ಲಿ ಪೇಪರ್. ಒಂದೇ ಅಡಿಪಾಯ, ಎರಡು ಮನೆ, ಒಂದರ ಬಾಗಿಲು ತೆಗೆದಿದೆ ಒಂದರದ್ದು ಹಾಕಿದೆ, ಎರಡರ ನೀರೂ ಕೊನೆಗೆ ಒಂದೇ ಚರಂಡಿಗೆ, ಅದೇ ಪಿಟಿಎಕ್ಸ್‌ಎಎಸ್. ಟ್ರೈಟನ್ ತನ್ನ ಪ್ಯಾಕೇಜ್ ಜೊತೆಗೇ ಪಿಟಿಎಕ್ಸ್‌ಎಎಸ್ ಬೈನರಿ ಹೊತ್ಕೊಂಡು ತಿರುಗುತ್ತೆ. ನಮ್ಮ ಐಐಎಸ್‌ಸಿಯಲ್ಲಿ ಉದಯ ಬೊಂಡುಗುಲ ಅವರ ಗುಂಪು ಎಂಎಲ್‌ಐಆರ್ (ಕಂಪೈಲರ್ ಕಟ್ಟೋ ಚೌಕಟ್ಟು) ಇಂದ ಟೆನ್ಸರ್ ಕೋರಿಗೆ (ಚಿಪ್ಪಲ್ಲಿ ಮ್ಯಾಟ್ರಿಕ್ಸ್ ಗುಣಾಕಾರಕ್ಕೇ ಇರೋ ಭಾಗ) ಕೋಡ್ ತಯಾರಿಸೋ ಕೆಲಸ ಮಾಡಿ 2022ರಲ್ಲಿ ಪ್ರಕಟಿಸಿದ್ರಲ್ಲ, ಕುಬ್ಲಾಸ್ ಜೊತೆ ಸಮಸಮ ನಿಲ್ಲೋ ಕೆಲಸ ಅದು, ಅದರ ಕೊನೇ ಮೆಟ್ಟಿಲೂ ಅದೇ.

ತೊಂದರೆ ಏನಂದ್ರೆ ಮೇಲಿನ ಕಂಪೈಲರ್ ಎಷ್ಟೇ ಜಾಣತನ ಮಾಡಿದ್ರೂ ಕೆಳಗಿನೋನು ಎಲ್ಲಾ ಮತ್ತೆ ಕಲಸಿ ಬಿಡ್ತಾನೆ. ಪಿಟಿಎಕ್ಸ್‌ನಲ್ಲಿ ರಿಜಿಸ್ಟರಿಗೆ ಲೆಕ್ಕ ಇಲ್ಲ ಅಂದೆ, ಅಸಲಿ ಚಿಪ್ಪಲ್ಲಿ ಒಂದು ಥ್ರೆಡ್ಡಿಗೆ ಹೆಚ್ಚಂದ್ರೆ 255. ಅದನ್ನ ಹಂಚೋದು, ಇನ್‌ಸ್ಟ್ರಕ್ಷನ್ ಸಾಲು ಜೋಡ್ಸೋದು ಎಲ್ಲಾ ಪಿಟಿಎಕ್ಸ್‌ಎಎಸ್ ಕೈಲಿದೆ. ಮೇಲೆ ಲೋಡ್‌ಗಳನ್ನ ನೀಟಾಗಿ ಮುಂಚೆ ಹಾಕಿರ್ತೀವಿ, ಅದು ಕೆಳಗೆ ಸರಿಸುತ್ತೆ. ಆಗ ಮೇಲಿನೋರು ಮಾಡೋ ಕೆಲಸ ಏನು, ಕೆಳಗಿನೋನ ಮೂಡ್ ಊಹಿಸಿ ಪಿಟಿಎಕ್ಸ್‌ನ ಹಂಗೆ ಹಿಂಗೆ ತಿರುಚೋದು, ಪ್ರತಿ ಟೀಮೂ ಅದೇ ತಂತ್ರಗಳನ್ನ ತಾನೇ ಕಂಡ್ಕೊಳ್ಳೋದು, ಟೂಲ್‌ಕಿಟ್ ವರ್ಷನ್ ಬದಲಾದ್ರೆ ಮತ್ತೆ ಮೊದಲಿಂದ. ಗೂಗಲ್‌ನ ಎಕ್ಸ್‌ಎಲ್‌ಎ ಅನ್ನೋ ಕಂಪೈಲರ್ ಒಳಗೆ ಒಂದು ಎಚ್ಚರಿಕೆ ಮೆಸೇಜ್ ಇತ್ತು, ಟೆನ್ಸರ್‌ಫ್ಲೋ ಓಡಿಸಿದೋರು ಕೆಲವರು ನೋಡಿರ್ತೀರಿ, 9.2.88ಕ್ಕಿಂತ ಹಳೇ ಪಿಟಿಎಕ್ಸ್‌ಎಎಸ್ 9 ಇದ್ರೆ ಎಕ್ಸ್‌ಎಲ್‌ಎ ಕೋಡನ್ನ ತಪ್ಪಾಗಿ ಕಂಪೈಲ್ ಮಾಡುತ್ತೆ, ಉತ್ತರ ತಪ್ಪು ಬರ್ಬಹುದು ಅಂತ. ಗೂಗಲ್‌ನಂಥ ಗೂಗಲ್ಲೂ ಒಳಗೆ ಕೈ ಹಾಕಿ ಸರಿ ಮಾಡೋಕಾಗ್ದೇ ಬಾಗಿಲ ಮೇಲೆ ಚೀಟಿ ಅಂಟಿಸಿದ್ದು ಅದು.

ಒಂದು ಬಿಟ್ಟಿನ ಪತ್ತೆದಾರಿ

2025ರ ಫೆಬ್ರವರಿಯಲ್ಲಿ ಚೀನಾದ ಡೀಪ್‌ಸೀಕ್ ತನ್ನ ಡೀಪ್‌ಜೆಮ್ ಲೈಬ್ರರಿ ಹೊರಗೆ ಬಿಡ್ತು, ಎಫ್‌ಪಿ8 ಮ್ಯಾಟ್ರಿಕ್ಸ್ ಗುಣಾಕಾರಕ್ಕೆ. ಅದರ ವಿವರಣೆಯಲ್ಲಿ ಒಂದು ಪ್ಯಾರಾ ಇದೆ, ನನ್ನ ಪ್ರಕಾರ ಈ ಇಡೀ ಪ್ರಕರಣ ಅದರಲ್ಲೇ ಇದೆ. ಅವರು ಗಮನಿಸಿದ್ದು ಏನಂದ್ರೆ ಎನ್ವಿಡಿಯಾದ ಕುಡಾ ಕಂಪೈಲರ್ ಎನ್‌ವಿಸಿಸಿ 12.2ರಿಂದ 12.3ಕ್ಕೆ ಹೋದ್ರೆ ಕಟ್ಲಾಸ್‌ನ ಎಫ್‌ಪಿ8 ಕರ್ನಲ್ ತಾನಾಗೇ ಸ್ಪೀಡ್ ಆಗ್ತಿತ್ತು. ಯಾಕೆ ಅಂತ ಎರಡು ವರ್ಷನ್ನಿನ ಸ್ಯಾಸ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿದ್ರು. ಕೂಡಿಸೋ ಇನ್‌ಸ್ಟ್ರಕ್ಷನ್‌ಗಳ ಸಾಲಲ್ಲಿ ಒಂದೇ ಒಂದು ಬಿಟ್, ಪ್ರತಿ ಎರಡನೇ ಇನ್‌ಸ್ಟ್ರಕ್ಷನ್ನಲ್ಲಿ ಉಲ್ಟಾ ಆಗಿತ್ತು. ಆ ಬಿಟ್ ಏನು? ಓಪನ್ ಸೋರ್ಸ್ ಅಸೆಂಬ್ಲರ್‌ಗಳನ್ನ ನೋಡಿದ್ಮೇಲೆ ಗೊತ್ತಾಯ್ತು, ಅದು ಯೀಲ್ಡ್, ಮೇಲೆ ಹೇಳಿದ 21ರಲ್ಲಿ ಆ ಒಂಟಿ 1. ಒಂದು ವಾರ್ಪ್ ಸ್ವಲ್ಪ ದಾರಿ ಬಿಟ್ರೆ ಇನ್ನೊಂದು ವಾರ್ಪ್ ಮುಂದೆ ಹೋಗುತ್ತೆ, ಟೆನ್ಸರ್ ಕೋರಿನ ಕೆಲಸ, ಕೂಡಿಸೋ ಕೆಲಸ ಒಟ್ಟೊಟ್ಟಿಗೆ ಸಾಗುತ್ತೆ.

ಅಂದ್ರೆ ಎನ್ವಿಡಿಯಾದ ಯಾರೋ ಇಂಜಿನಿಯರ್ ಈ ಉಪಾಯ ಕಂಡ್ಹಿಡಿದು ಕಂಪೈಲರಿಗೆ ಹಾಕಿದ್ದಾರೆ, ಒಳ್ಳೇ ಕೆಲಸ, ಆದ್ರೆ ನನ್ನ ಕರ್ನಲ್ಲಿಗೂ ಇದನ್ನ ಮಾಡು ಅಂತ ಹೇಳೋ ದಾರಿ ಹೊರಗಿನೋರಿಗೆ ಇಲ್ಲ. ಡೀಪ್‌ಸೀಕ್‌ನೋರು ಏನು ಮಾಡಿದ್ರು, ಕಂಪೈಲ್ ಆದ್ಮೇಲೆ ಬೈನರಿ ಒಳಗೆ ಹೋಗಿ ಎಫ್‌ಎಫ್‌ಎಂಎ (ಗುಣಿಸಿ ಕೂಡಿಸೋ) ಇನ್‌ಸ್ಟ್ರಕ್ಷನ್‌ಗಳ ಆ ಬಿಟ್ಟನ್ನ ತಾವೇ ತಿರುಗಿಸೋ ಸ್ಕ್ರಿಪ್ಟ್ ಬರೆದ್ರು. ಯೀಲ್ಡ್ ತಿರುಗಿಸಿದ್ರೆ ರಿಜಿಸ್ಟರ್ ಮರುಬಳಕೆ ಕೆಡುತ್ತೆ, ಅದಕ್ಕೆ ರೀಯೂಸ್ ಬಿಟ್ಟನ್ನೂ ತಿರುಗಿಸಿದ್ರು. ಕೆಲವು ಕಡೆ ಶೇ 10ಕ್ಕಿಂತ ಜಾಸ್ತಿ ಸ್ಪೀಡ್ ಸಿಕ್ತು. ಸಿದ್ಧ ಆಗಿರೋ ಹೋಳಿಗೆ ಬಿಡಿಸಿ ಹೂರಣಕ್ಕೆ ಚಿಟಿಕೆ ಏಲಕ್ಕಿ ಹಾಕಿ ಮತ್ತೆ ಮುಚ್ಚಿದ ಹಾಗೆ! ಸ್ವಲ್ಪ ದಿನಕ್ಕೆ ಎನ್‌ವಿಸಿಸಿ 12.9 ಬಂತು, ಅದು ಈ ಕೆಲಸಾನ ತಾನೇ ಮಾಡುತ್ತೆ, ಡೀಪ್‌ಜೆಮ್‌ನೋರು ಸ್ಕ್ರಿಪ್ಟ್ ತೆಗೆದು ಹಾಕಿದ್ರು.

ಕಂಪನಿ ಕಡೆಯ ಮಾತು

ನ್ಯಾಯವಾಗಿ ಹೇಳ್ಬೇಕಂದ್ರೆ ಅವರಿಗೂ ಕಾರಣ ಇದೆ. ಕೆಪ್ಲರ್‌ನಲ್ಲಿ 7 ಇನ್‌ಸ್ಟ್ರಕ್ಷನ್ನಿಗೆ ಒಂದು ಕಂಟ್ರೋಲ್ ವರ್ಡ್, ಮ್ಯಾಕ್ಸ್‌ವೆಲ್‌ನಲ್ಲಿ 3ಕ್ಕೆ ಒಂದು, ವೋಲ್ಟಾದಲ್ಲಿ ಇನ್‌ಸ್ಟ್ರಕ್ಷನ್ನನ್ನೇ 128 ಬಿಟ್ ಮಾಡಿ ಕಂಟ್ರೋಲನ್ನ ಒಳಗೇ ಸೇರಿಸಿದ್ರು. ಸ್ಯಾಸ್ ಬಗ್ಗೆ ಯಾರಿಗೂ ಮಾತು ಕೊಟ್ಟಿಲ್ಲ ಅಂತಾನೇ ಇಷ್ಟು ಸಲೀಸಾಗಿ ಬದಲಾಯಿಸೋಕೆ ಆಗಿದ್ದು, ಹಳೇ ಪಿಟಿಎಕ್ಸ್ ಹೊಸ ಚಿಪ್ಪಲ್ಲೂ ಓಡುತ್ತೆ, ಇದು ಸಣ್ಣ ಸಾಧನೆ ಅಲ್ಲ. ಆದ್ರೆ ನನಗೆ ಒಪ್ಪಿಗೆ ಆಗದೇ ಇರೋದು ಏನಂದ್ರೆ, ಬದಲಾಗ್ಬಹುದು ಅಂತ ಮೊದಲ ಪುಟದಲ್ಲಿ ಬರೆದು ಪ್ರತಿ ಚಿಪ್ಪಿಗೂ ಪುಸ್ತಕ ಕೊಡ್ಬಹುದಲ್ಲ, ಮಾತು ಕೊಡದೇ ಇರೋದಕ್ಕೂ ಬಾಯೇ ಬಿಡದೇ ಇರೋದಕ್ಕೂ ವ್ಯತ್ಯಾಸ ಇದೆ. ಪೈಪೋಟಿ ಕಂಪನಿಗಳು ನೋಡಿ ಕಲಿತಾರೆ ಅನ್ನೋ ವಾದ ಇನ್ನೂ ಪೊಳ್ಳು, ದುಡ್ಡಿದ್ದೋರು ಹೆಂಗೂ ಬಿಚ್ಚಿ ನೋಡ್ತಾರೆ, ಸಿಕ್ಕಿ ಹಾಕ್ಕೊಳ್ಳೋದು ಇಬ್ಬರು ಮೂವರು ಇರೋ ಟೀಮು, ಪಿಎಚ್‌ಡಿ ಹುಡುಗರು. ಅದರ ಮೇಲೆ ಲೈಸೆನ್ಸ್ ಕರಾರಿನ ಭಯ ಬೇರೆ, ಎನ್ವಿಡಿಯಾದ ಕರಾರಿನಲ್ಲಿ ರಿವರ್ಸ್ ಇಂಜಿನಿಯರಿಂಗ್ ಮಾಡ್ಬಾರ್ದು ಅಂತ ಇದೆ, ಕೆಲವು ಕಂಪನಿಗಳಲ್ಲಿ ವಕೀಲರು ಈ ಸಾಲು ತೋರಿಸಿ ಇಂಜಿನಿಯರುಗಳ ಬಾಯಿ ಕಟ್ಟಿಸ್ತಾರೆ, ಹಂಗಾಗಿ ಮಾಡಿದ ಕೆಲಸಾನೂ ಯಾರೂ ಹೊರಗೆ ಹೇಳಲ್ಲ.

ಇನ್ನೊಂದು ಜಿಪಿಯು ಕಂಪನಿ ಎಎಂಡಿ ಕಡೆ ನೋಡಿ. ಅವರು ಚಿಪ್ಪಿನ ಇನ್‌ಸ್ಟ್ರಕ್ಷನ್ ಮ್ಯಾನ್ಯುಯಲ್ ಪಬ್ಲಿಕ್ಕಾಗಿ ಕೊಡ್ತಾರೆ, ಎಲ್‌ಎಲ್‌ವಿಎಂ ಬ್ಯಾಕೆಂಡೂ ಓಪನ್. ಅಲ್ಲಿ ಡಬಲ್ ಕೆಲಸ ಇಲ್ವಾ ಅಂದ್ರೆ ಇದೆ, ಧಾರಾಳವಾಗಿ ಇದೆ, ಆಟಗಳಲ್ಲಿ ಎಲ್‌ಎಲ್‌ವಿಎಂ ನಿಧಾನ ಅಂತ ವಾಲ್ವ್ ಕಂಪನಿ 2019ರಲ್ಲಿ ಎಸಿಒ ಅಂತ ಬೇರೇನೇ ಕಂಪೈಲರ್ ಬರೆಸ್ತು, ಎಎಂಡಿಗೆ ಅದರದ್ದೇ ವಿಂಡೋಸ್ ಕಡೆ ಮುಚ್ಚಿದ ಕಂಪೈಲರ್ ಬೇರೆ ಇತ್ತು. ಆದ್ರೆ ಎಸಿಒ ಬರೆದೋರು ಮೊದಲ ದಿನ ಮಾಡಿದ್ದು ಮ್ಯಾನ್ಯುಯಲ್ ಓದೋ ಕೆಲಸ, ಬಿಟ್ ತಿರುಗಿಸಿ ನೋಡೋ ಕೆಲಸ ಅಲ್ಲ. ಹಳೇದು ಸಾಲಲ್ಲ ಅಂತ ಗೊತ್ತಿದ್ದು ಹೊಸದು ಕಟ್ಟೋದು ಬೇರೆ, ಹಳೇದರಲ್ಲಿ ಏನಿದೆ ಅಂತ ಕಾಣದೇ ಅದನ್ನೇ ಮತ್ತೆ ಕಟ್ಟೋದು ಬೇರೆ.

ಈಗ ಯಾರಿಗಾದ್ರೂ ಈ ಕೆಲಸ ಬಿದ್ರೆ ಹೇಳ್ಬಿಡ್ತೀನಿ, ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಆದ್ರೆ ಮ್ಯಾಕ್ಸಾಸ್ ವಿಕಿ ಇನ್ನೂ ಬಂಗಾರ. ಟ್ಯೂರಿಂಗ್ ಮತ್ತೆ ಅದರ ಮೇಲಿನದಕ್ಕೆ ಕುಅಸೆಂಬ್ಲರ್ ನೋಡಿ, ಇಲ್ಲಾಂದ್ರೆ ಮೆಸಾ ಒಳಗೆ ಎನ್‌ಎಕೆ ಫೋಲ್ಡರಿಗೆ ಹೋಗಿ ಎನ್‌ಕೋಡಿಂಗ್ ಮಾಡೋ ಫೈಲ್ ತೆಗೀರಿ, ಯಾವ ಬಿಟ್ ಎಲ್ಲಿ ಅಂತ ಸಾಲಾಗಿ ಬರೆದಿದೆ, ರಸ್ಟ್ ಬರ್ದಿದ್ರೂ ಅರ್ಥ ಆಗುತ್ತೆ. ನನ್ನ ಹಳೇ ಶೀಟ್ ಮಾತ್ರ ಕೇಳ್ಬೇಡಿ, ಅದು ಯಾವ ಕಂಪನಿಯ ಯಾವ ಡ್ರೈವಲ್ಲಿ ಕೂತಿದ್ಯೋ ಈಗ ನನಗೂ ಸಿಗಲ್ಲ.